ಗುಡುಗಿದರೆ ಪ್ಲಗ್ ಕೀಳುವ ಊರಿನ ಸರ್ವರ್

ಹೋದ ತಿಂಗಳು ಮೈಸೂರಿನಲ್ಲಿ ಮಾಡಬಾರದ ಕೆಲಸವೊಂದನ್ನು ಮಾಡಿಬಿಟ್ಟೆ. ಗೆಳತಿ ಸುಮಾಳ ಆಫೀಸಿಗೆ ಹೋಗಿದ್ದೆ. ಸ್ವಲ್ಪ ಹೊತ್ತು ಕೂತಿರು, ಊಟಕ್ಕೆ ಹೊರಗೆ ಹೋಗೋಣ ಎಂದು ಹೇಳಿ ಅವಳು ಯಾವುದೋ ಮೀಟಿಂಗಿಗೆ ಹೋದಳು. ಖಾಲಿ ಇದ್ದ ಕುರ್ಚಿಯೊಂದರಲ್ಲಿ ಕೂತು ಕಿಟಕಿಯ ಕಡೆ ನೋಡುತ್ತಿದ್ದೆ. ಗಾಜಿನಾಚೆ ಮೋಡ ಕಟ್ಟಿತ್ತು. ಬೆಟ್ಟದ ಕಡೆಯಿಂದ ಒಂದು ಗುಡುಗು ಉರುಳಿಕೊಂಡು ಬಂತು. ಅಷ್ಟೇ. ನನ್ನ ಕೈ ನನ್ನನ್ನು ಕೇಳದೆ ಮೇಜಿನ ಕೆಳಗೆ ಹೋಗಿ ಅಲ್ಲಿದ್ದ ಕಂಪ್ಯೂಟರಿನ ಪ್ಲಗ್ ಕಿತ್ತು ನೆಲದ ಮೇಲೆ ಹಾಕಿತ್ತು. ಆ ಮೇಜಿನ ಹುಡುಗಿ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಬೆಳಗಿನಿಂದ ಯಾವುದೋ ದೊಡ್ಡ ಲೆಕ್ಕವನ್ನು ಅದರಲ್ಲಿ ಓಡಲು ಬಿಟ್ಟು ಕಾಯುತ್ತಿದ್ದಳಂತೆ.

ಕ್ಷಮಿಸಮ್ಮ ಎಂದು ಕೈ ಮುಗಿದೆ. ಇಡೀ ಆಫೀಸು ನಕ್ಕಿತು. ಮೀಟಿಂಗಿನಿಂದ ಬಂದ ಸುಮಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಇನ್ನೂ ಆ ಕಾಡಿನ ಬುದ್ಧಿ ಬಿಟ್ಟಿಲ್ಲವಲ್ಲೇ ಎಂದಳು. ಅವಳ ನಗುವಿನ ಅಡಿಯಲ್ಲಿ ಒಂದಿಷ್ಟು ಹಳೆಯ ಸಿಟ್ಟೂ ಇತ್ತು. ಇರಬೇಕಾದದ್ದೇ. ಆ ಆಫೀಸಿನಲ್ಲಿ ನನಗಾಗಿ ಒಂದು ಕುರ್ಚಿ ಹಿಡಿದಿಟ್ಟವಳು ಅವಳು. ಬರುತ್ತೇನೆ ಎಂದು ಒಪ್ಪಿಕೊಂಡು ಬಾರದೆ ಹೋದವಳು ನಾನು. ಹಾಗಾದದ್ದು ಒಂದು ಬೇಸಿಗೆಯಲ್ಲಿ.

ಆ ಬೇಸಿಗೆ ನಾನು ಸಕಲೇಶಪುರದ ಹತ್ತಿರದ ಬೆಳಗೋಡಿನಲ್ಲಿದ್ದೆ. ಸಣ್ಣ ಬೆಳೆಗಾರರೇ ಸೇರಿ ಕಟ್ಟಿಕೊಂಡ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಎರಡೋ ಮೂರೋ ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಗದ್ದೆ ಇರುವ ಜನ. ಅವರ ಬೆಳೆಯನ್ನು ಬೆಳಗೋಡಿನಲ್ಲಿ, ಆಲೂರಿನಲ್ಲಿ, ಬಿಸಿಲೆ ರಸ್ತೆಯ ಇನ್ನೊಂದು ಊರಿನಲ್ಲಿ ತೂಗಿ, ದರ್ಜೆ ಮಾಡಿ, ಒಟ್ಟಿಗೆ ಮಾರುವುದು ಕಂಪನಿಯ ಕೆಲಸ. ಮೂರೂ ಕಡೆಯ ತೂಕ ಬಂದು ಸೇರುತ್ತಿದ್ದದ್ದು ನಮ್ಮ ಆಫೀಸಿನ ಹಿಂದಿನ ಕೋಣೆಯಲ್ಲಿ, ಮೇಜಿನ ಕೆಳಗಿದ್ದ ಒಂದು ಕಪ್ಪು ಪೆಟ್ಟಿಗೆಗೆ. ಸರ್ವರ್ ಎನ್ನುತ್ತಿದ್ದದ್ದು ಅದನ್ನೇ. ಆ ಪೆಟ್ಟಿಗೆ ನಿಂತರೆ ಮೆಣಸಿನ ಮೂಟೆ ಹೊತ್ತು ಬಂದ ಜೀಪುಗಳೂ ರಸ್ತೆಯ ಬದಿಯಲ್ಲಿ ಸಾಲಾಗಿ ನಿಲ್ಲಬೇಕು.

ನಾನು ತಿಪಟೂರಿನ ಕಡೆಯವಳು, ತೆಂಗಿನ ಸೀಮೆಯವಳು. ನಿನ್ನ ಕಾಲಲ್ಲಿ ಚಕ್ರ ಇದೆ ಎಂದು ಅಮ್ಮ ಹೇಳುತ್ತಿದ್ದಳು. ತುಮಕೂರಿನ ಕಾಲೇಜೊಂದರ ಲ್ಯಾಬು, ಹಾಸನದಲ್ಲಿ ಆಸ್ಪತ್ರೆ, ಮಂಡ್ಯದಲ್ಲಿ ಕಾರ್ಖಾನೆ; ಎಲ್ಲಿ ಹೋದರೂ ಕೆಲಸ ಕೈಗೆ ಹತ್ತಿದ ಕೂಡಲೇ ಮನಸ್ಸು ಕಿತ್ತುಕೊಂಡು ಹೊರಡುತ್ತಿತ್ತು. ಯಾರ ಮೇಲೂ ಬೇಸರವಿಲ್ಲ, ಯಾರೂ ಬೈದಿಲ್ಲ, ಆದರೂ ಇರಲಾಗದು. ಬೆಳಗೋಡಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೊಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಬಂದು ವರ್ಷವಾಗಿದ್ದರೂ ಕಿಟಕಿಗೆ ಪರದೆ ಹಾಕಿರಲಿಲ್ಲ, ತಗಡಿನ ಟ್ರಂಕಿನಿಂದ ಬಟ್ಟೆಯನ್ನು ಪೂರ್ತಿ ಹೊರತೆಗೆದಿರಲಿಲ್ಲ. ಸುಮಾ ಫೋನ್ ಮಾಡಿ ಜೂನಿನಲ್ಲಿ ನಮ್ಮಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಬಂದು ಸೇರಿಕೋ ಎಂದಾಗ ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ. ಬೆಳಗೋಡಿನಲ್ಲಿ ಯಾರಿಗೂ ಹೇಳಲಿಲ್ಲ.

ಅದೇ ಹೊತ್ತಿಗೆ ಸರ್ವರಿನ ತಲೆನೋವು ಶುರುವಾಯಿತು. ಆ ಪೆಟ್ಟಿಗೆಯಲ್ಲಿ ಓಡುತ್ತಿದ್ದದ್ದು ಲಿನಕ್ಸ್. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿಕೊಂಡು ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್. ಕಾಫಿಯಲ್ಲಿ ಇರುವಂತೆ ಅದರಲ್ಲೂ ಹತ್ತಾರು ತಳಿಗಳಿವೆ. ನನಗಿಂತ ಹಿಂದೆ ಇದ್ದವರು ಹಾಕಿ ಹೋಗಿದ್ದ ತಳಿಗೆ ವಯಸ್ಸಾಗಿತ್ತು. ಜೂನ್ ಮುಗಿದ ಮೇಲೆ ಅದಕ್ಕೆ ದುರಸ್ತಿ ಬರುವುದಿಲ್ಲ ಎಂದು ಮಾಡಿದವರೇ ಮುಂಚಿತವಾಗಿ ತಿಳಿಸಿದ್ದರು. ಆಮೇಲೂ ಅದು ಓಡುತ್ತದೆ. ಆದರೆ ಎಲ್ಲಾದರೂ ತೂತು ಬಿದ್ದು ಕಳ್ಳರು ನುಗ್ಗಿದರೆ ಮುಚ್ಚಿಕೊಡುವವರು ಇರುವುದಿಲ್ಲ. ಹೊಸದೊಂದನ್ನು ಆರಿಸಲೇಬೇಕಿತ್ತು.

ಈ ಸುದ್ದಿ ಹೇಗೋ ಹಾಸನದ ಒಂದು ಕಂಪ್ಯೂಟರ್ ಕಂಪನಿಯ ಕಿವಿಗೆ ಬಿತ್ತು. ಇಸ್ತ್ರಿ ಅಂಗಿಯವರೊಬ್ಬರು ಕಾರಿನಲ್ಲಿ ಬಂದು ನಿರ್ದೇಶಕರಿಗೆಲ್ಲ ಬಣ್ಣದ ಹಾಳೆ ಹಂಚಿದರು. ದುಡ್ಡು ಕೊಟ್ಟು ಕೊಳ್ಳುವ ಸಿಸ್ಟಮ್, ಪೆಟ್ಟಿಗೆ ಹಾಸನದಲ್ಲಿ ಅವರ ಬಳಿಯೇ ಇರುತ್ತದೆ, ಏನೇ ಆದರೂ ಒಂದು ಫೋನ್ ಸಾಕು. ಆದರೆ ಹಾಗೆ ಆದರೆ ನಮ್ಮ ಹಿಂದಿನ ಕೋಣೆಗೆ ಬೀಗ ಬೀಳುತ್ತಿತ್ತು. ಲೆಕ್ಕ, ದರ್ಜೆ, ತಕರಾರು ಎಲ್ಲವೂ ಹಾಸನಕ್ಕೆ ಹೋಗುತ್ತಿತ್ತು. ಬಿಸಿಲೆಯಿಂದ ಬಂದವರು ತಮ್ಮ ಮೆಣಸಿನ ದರ್ಜೆ ಯಾಕೆ ಇಳಿಯಿತು ಎಂದು ಕೇಳಬೇಕಾದರೆ ಎರಡು ಬಸ್ಸು ಹತ್ತಬೇಕಿತ್ತು. ಆಫೀಸಿನ ಬಾಗಿಲು ತೆಗೆಯುವ, ಟೀ ಕಾಸುವ, ಮೆಣಸಿನ ಸ್ಯಾಂಪಲ್ ಜರಡಿ ಹಿಡಿಯುವ ದೇವಕ್ಕನಿಗೂ ಅಲ್ಲಿ ಕೆಲಸ ಉಳಿಯುತ್ತಿರಲಿಲ್ಲ. ಎಸ್ಟೇಟಿನ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆ, ಬಿಟ್ಟು ಬಂದು, ಆಫೀಸಿನ ಹಿಂದಿನ ದಿಬ್ಬದ ಮೇಲೆ ಸ್ವಂತ ಸೂರು ಮಾಡಿಕೊಂಡ ಹೆಂಗಸು ಅವಳು. ಮತ್ತೆ ಲೈನಿಗೆ ಹೋಗೋದಾ ಮೇಡಂ ಎಂದು ಒಂದೇ ಸಲ ಕೇಳಿದಳು, ಮತ್ತೆ ಆ ಮಾತು ಎತ್ತಲಿಲ್ಲ.

ಅಧ್ಯಕ್ಷರು ಮಲ್ಲೇಶಪ್ಪ. ಎಲ್ಲರಿಗೂ ಮಲ್ಲೇಶಣ್ಣ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲು, ಮಾತಿನಲ್ಲಿ ಕೊಂಕು. ಪುಕ್ಕಟೆ ಸಿಗುವ ತಳಿಗಳಲ್ಲಿ ಒಳ್ಳೆಯದನ್ನು ನೋಡಿ ಆರಿಸುತ್ತೇನೆ, ಹಾಸನಕ್ಕೆ ಕೊಡುವುದು ಬೇಡ ಎಂದು ನಾನು ಹೇಳಿದಾಗ ಅವರು ಬೇಡ ಎನ್ನಲಿಲ್ಲ. ಮೇ ಕೊನೆಯ ಸಭೆಯಲ್ಲಿ ಇಬ್ಬರೂ ತೋರಿಸಿ, ಆಮೇಲೆ ತೀರ್ಮಾನ ಎಂದರು. ಆದರೆ ಅವರಿಗೆ ಒಂದು ಮಾತು ಒಪ್ಪಿಗೆಯಾಗಿರಲಿಲ್ಲ.

“ಕೊಂಡ್ರೆ ಕೇಳಕ್ಕೆ ಒಬ್ಬ ಇರ್ತಾನೆ. ಪುಕ್ಕಟೆ ಬಂದಿದ್ದು ಕೆಟ್ರೆ ಯಾರ ಕೊರಳಪಟ್ಟಿ ಹಿಡಿಯಾದು ಶೈಲವ್ವ?”

ಇಂಟರ್‌ನೆಟ್ಟಿನಲ್ಲಿ ಜನ ಇದ್ದಾರೆ, ಕೇಳಿದರೆ ಉತ್ತರ ಕೊಡುತ್ತಾರೆ ಎಂದೆ. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನನಗೆ ಇರಿಸುಮುರಿಸಾಯಿತು. ಜೂನಿನಲ್ಲಿ ಬಿಟ್ಟು ಹೋಗುವವಳು ಈಗ ಇಷ್ಟು ಗಟ್ಟಿಯಾಗಿ ಮಾತಾಡುವುದು ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಒಳ್ಳೆಯದನ್ನು ಹಾಕಿಕೊಟ್ಟು ಹೋದರೆ ಅದರ ಪಾಡಿಗೆ ಅದು ಓಡುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಮೂರು ಹಳೆಯ ಕಂಪ್ಯೂಟರುಗಳನ್ನು ಹಿಂದಿನ ಕೋಣೆಯಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೆ ಒಂದೊಂದು ತಳಿಯ ಲಿನಕ್ಸ್ ಹಾಕಿ, ಮೂರಕ್ಕೂ ನಮ್ಮ ತೂಕದ ತಂತ್ರಾಂಶ ಏರಿಸಿದೆ. ಮೊದಲನೆಯದು ಬಲು ಚೆಲುವೆ. ಆರು ತಿಂಗಳಿಗೊಮ್ಮೆ ಹೊಸ ಅವತಾರ, ಪೇಟೆಗೆ ಬಂದ ಹೊಸತೆಲ್ಲ ಅದರಲ್ಲಿ. ಎರಡನೆಯದರ ಹಿಂದೆ ಒಂದು ದೊಡ್ಡ ಸಂಸ್ಥೆಯಿತ್ತು. ಪುಕ್ಕಟೆಯೇ, ಆದರೆ ಬೇಕೆಂದಾಗ ದುಡ್ಡು ಕೊಟ್ಟು ಸಹಾಯ ಪಡೆಯಬಹುದು. ಮೂರನೆಯದು ಲೋಕದ ಮೂಲೆ ಮೂಲೆಯ ಜನ ಕೈಲಾದಷ್ಟು ದುಡಿದು ಮಾಡಿದ್ದು. ಎಲ್ಲದರಲ್ಲೂ ನಿಧಾನ, ನೋಡಲು ಸಪ್ಪೆ, ಹಳೆಯದನ್ನು ಬಿಡಲೊಲ್ಲದು, ಆದರೆ ಒಮ್ಮೆ ಹಾಕಿದರೆ ಐದು ವರ್ಷ ದುರಸ್ತಿ ತಪ್ಪದು. ನನ್ನ ಮನಸ್ಸು ಮೊದಲನೆಯದರ ಮೇಲೆ ಬಿದ್ದಿತ್ತು ಎಂದು ಬೇರೆ ಹೇಳಬೇಕಿಲ್ಲ. ಊರಿಂದೂರಿಗೆ ಮನೆ ಬದಲಿಸುವವಳಿಗೆ ಆರು ತಿಂಗಳಿಗೆ ಬದಲಾಗುವುದೇ ಹಿಡಿಸಿತು.

ಮಲ್ಲೇಶಣ್ಣ ಒಂದು ದಿನ ಬಾಗಿಲಲ್ಲಿ ನಿಂತು ನನ್ನ ಮೂರು ಪೆಟ್ಟಿಗೆಗಳನ್ನು ನೋಡಿ ನಕ್ಕರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದರು. ಮೊಳ ಹಾಕದೆ ಉಟ್ಟುಕೊಂಡರೆ ಸಭೆಯಲ್ಲಿ ಮಾನ ಹೋಗುತ್ತದೆ ಎಂದು ನಾನೂ ತಿರುಗಿಸಿ ಹೇಳಿದೆ. ಅವರಿಗೆ ಖುಷಿಯಾಯಿತು.

ಆ ವರ್ಷ ಹೂಮಳೆ ತಡವಾಗಿತ್ತು. ಇಡೀ ಸೀಮೆಗೆ ಸೀಮೆಯೇ ತಳಮಳದಲ್ಲಿತ್ತು. ಮೊಗ್ಗು ಕಟ್ಟಿ ನಿಂತ ಕಾಫಿ ಗಿಡಕ್ಕೆ ಒಂದು ಮಳೆ ಬೀಳದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಮುಂದಿನ ವರ್ಷದ ಬೆಳೆಯಿಲ್ಲ. ಬೆಳಿಗ್ಗೆ ಆದರೆ ಸಾಕು, ಎಲ್ಲರ ಕಿವಿಯಲ್ಲೂ ಫೋನು. ನಿಮ್ಮಲ್ಲಿ ಎಷ್ಟು ಬಂತು ಎಂಬುದೊಂದೇ ಪ್ರಶ್ನೆ. ಮಳೆಯನ್ನು ಇಲ್ಲಿ ಸೆಂಟಿನಲ್ಲಿ ಹೇಳುತ್ತಾರೆ, ನೂರು ಸೆಂಟು ಸೇರಿದರೆ ಒಂದು ಇಂಚು. ಪಕ್ಕದ ತೋಟಕ್ಕೆ ಎಪ್ಪತ್ತು ಸೆಂಟು ಬಿದ್ದು ತನ್ನ ತೋಟಕ್ಕೆ ಐದೇ ಸೆಂಟು ಬಿದ್ದರೆ ಆ ಮನುಷ್ಯ ದಿನವಿಡೀ ಯಾರೊಂದಿಗೂ ಸರಿಯಾಗಿ ಮಾತಾಡುವುದಿಲ್ಲ. ಸೆಕೆಯಲ್ಲಿ ನಿದ್ದೆಯಿಲ್ಲದೆ, ಹೋಗುವ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನೂ ಅವರಂತೆಯೇ ಆಕಾಶ ನೋಡುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ಗುಡುಗಿತು. ನಾನು ಹಿಂದಿನ ಕೋಣೆಯಲ್ಲಿ ಚೆಲುವೆಯ ಮುಂದೆ ಕೂತಿದ್ದೆ. ಅಡುಗೆ ಮೂಲೆಯಿಂದ ದೇವಕ್ಕ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಏನಾಯಿತು ಎಂದು ಕೇಳುವುದರೊಳಗೆ ಮೂರು ಪೆಟ್ಟಿಗೆಗಳ ಪ್ಲಗ್ಗೂ, ಸರ್ವರಿನ ಪ್ಲಗ್ಗೂ, ಇಂಟರ್‌ನೆಟ್ಟಿನ ಪ್ಲಗ್ಗೂ ಕಿತ್ತು ಬಿಸಾಡಿ ಆಯಿತು. ಪರದೆಗಳೆಲ್ಲ ಕತ್ತಲಾದವು. ಹೊರಗೆ ಆಲೂರಿನಿಂದ ಫೋನ್, ತೂಕ ನಿಂತುಹೋಯಿತು ಎಂದು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸರ್ವರ್ ಎಂದರೆ ಆರಬಾರದ್ದು. ನಾನು ಹಿಂದೆ ಕೆಲಸ ಮಾಡಿದ ಕಡೆಯೆಲ್ಲ ಯಾರ ಪೆಟ್ಟಿಗೆ ಎಷ್ಟು ಕಾಲದಿಂದ ಆರದೆ ಓಡುತ್ತಿದೆ ಎಂಬುದೇ ಹೆಮ್ಮೆಯ ಮಾತು. ಬರೆಯುತ್ತಿರುವಾಗ ಪ್ಲಗ್ ಕಿತ್ತರೆ ಒಳಗಿನ ಮಾಹಿತಿ ಅರ್ಧಂಬರ್ಧವಾಗಿ ಹಾಳಾಗಬಹುದು ಎಂದು ವಿವರಿಸಿದೆ. ಅರ್ಥಿಂಗ್ ಇದೆ, ಯುಪಿಎಸ್ ಇದೆ ಎಂದೆ. ದೇವಕ್ಕ ಎಲ್ಲ ಕೇಳಿಸಿಕೊಂಡಳು. ಮರುದಿನ ದಪ್ಪ ಅಕ್ಷರದಲ್ಲಿ ‘ಸ್ವಿಚ್ ಆಫ್ ಮಾಡಬೇಡಿ’ ಎಂದು ಬರೆದು ಗೋಡೆಗೆ ಅಂಟಿಸಿದೆ. ಸಂಜೆ ಗುಡುಗಿತು, ಪ್ಲಗ್ ಹೋಯಿತು. ಓದಲಿಲ್ಲವಾ ದೇವಕ್ಕ ಎಂದು ಕೇಳಿದೆ.

“ಓದ್ದೆ ಮೇಡಂ. ಅದಕ್ಕೇ ಸ್ವಿಚ್ ಮುಟ್ಲಿಲ್ಲ, ಪ್ಲಗ್ ಕಿತ್ತೆ.”

ಮಲ್ಲೇಶಣ್ಣನ ಬಳಿ ದೂರು ಒಯ್ದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಮಾತನ್ನು ಬಹಳ ಗಂಭೀರವಾಗಿ ಕೇಳಿದರು. ನಾನು ಯುಪಿಎಸ್‌ವರೆಗೆ ಬಂದಿದ್ದೆನೋ ಇಲ್ಲವೋ, ಬಿಸಿಲೆ ಕಡೆ ಗುಡುಗಿತು. ಅವರು ಒಂದು ನಿಮಿಷ ಎಂದು ಬಗ್ಗಿ, ತಮ್ಮ ಮೇಜಿನ ಕೆಳಗಿನ ಪ್ಲಗ್ಗನ್ನು ತಾವೇ ಕಿತ್ತು, ಮತ್ತೆ ನೇರವಾಗಿ ಕೂತು, ಹಾಂ ಹೇಳವ್ವ ಎಂದರು. ಆ ಊರಿನಲ್ಲಿ ಎಲ್ಲರ ಮನೆಯಲ್ಲೂ ಒಂದು ಸಿಡಿಲಿನ ಕಥೆಯಿತ್ತು. ತೋಟದ ಸಿಲ್ವರ್ ಓಕ್ ಮರಕ್ಕೆ ಬಡಿದು ತಂತಿಯಲ್ಲಿ ಇಳಿದು ಬಂದು ಟಿವಿ ಸುಟ್ಟದ್ದು, ಫೋನು ಸಿಡಿದದ್ದು, ಗೋಡೆಯ ಬೋರ್ಡು ಕರಕಲಾದದ್ದು. ಗುಡುಗು ಯಾವ ದಿಕ್ಕಿನದು ಎಂದು ಕೇಳಿಯೇ ಅವರು ಲೆಕ್ಕ ಹಾಕುತ್ತಿದ್ದರು. ಎಡಕುಮೇರಿ ಕಡೆಯದಾದರೆ ಇನ್ನೂ ಟೀ ಕುಡಿಯಲು ಹೊತ್ತಿದೆ, ಬಿಸಿಲೆ ಕಡೆಯದಾದರೆ ಈಗಲೇ ಏಳಬೇಕು. ತಾಯಿ ಮಗುವಿಗೆ ಬೆಂಕಿ ಮುಟ್ಟಬೇಡ ಎಂದು ಕಲಿಸುವುದರ ಜೊತೆಗೇ ಇದನ್ನೂ ಕಲಿಸಿರುತ್ತಾಳೆ. ನನ್ನ ಚೀಟಿಗೆ ಅದನ್ನು ತಿದ್ದುವ ಶಕ್ತಿ ಇರಲಿಲ್ಲ.

ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ಆಮೇಲೆ ಬುದ್ಧಿ ಬಂತು. ಸರ್ವರ್ ಎಲ್ಲಿ ಇರಬೇಕೋ ಆ ಊರಿನ ಜನ ಹೇಗೋ ಹಾಗೆ ಸರ್ವರ್ ಇರಬೇಕು. ಯಾವುದು ವೇಗ, ಯಾವುದು ಹೊಸತು ಎಂದು ನಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ಪಕ್ಕಕ್ಕೆ ಹೋದವು. ಪ್ಲಗ್ ಕಿತ್ತ ಮೇಲೆ, ಮತ್ತೆ ಚುಚ್ಚಿದಾಗ, ಯಾರ ಕೈಯನ್ನೂ ಬೇಡದೆ ತಾನಾಗಿ ಎದ್ದು ನಿಲ್ಲುವುದು ಯಾವುದು? ಆರಿಸಬೇಕಾದದ್ದು ಅದನ್ನು. ಅಂದಿನಿಂದ ನಾನು ದೇವಕ್ಕನನ್ನು ತಡೆಯಲಿಲ್ಲ. ಪರೀಕ್ಷೆ ನಡೆಸುವ ಕೆಲಸವನ್ನು ಗುಡುಗಿಗೇ ಬಿಟ್ಟೆ.

ಏಪ್ರಿಲ್, ಮೇ ಪೂರ್ತಿ ಹಾಗೆ ಕಳೆಯಿತು. ಹೂಮಳೆ ಬಿದ್ದು, ಬೆಟ್ಟದ ಮೈಯೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಕಾಫಿ ಹೂವಿನ ಘಮ ಆಫೀಸಿನೊಳಗಿನ ಮೆಣಸಿನ ಘಾಟಿನ ಜೊತೆ ಬೆರೆತುಹೋಯಿತು. ಸಂಜೆ ಗುಡುಗಿದರೆ ಮೂರೂ ಪೆಟ್ಟಿಗೆ ಸಾಯುತ್ತಿದ್ದವು. ಮಳೆ ನಿಂತ ಮೇಲೆ ಪ್ಲಗ್ ಹಾಕಿ, ನಾನೂ ದೇವಕ್ಕನೂ ಸ್ಟೂಲಿನ ಮೇಲೆ ಕೂತು ಯಾವುದು ಏಳುತ್ತದೆ ಎಂದು ನೋಡುತ್ತಿದ್ದೆವು. ಚೆಲುವೆ ಮೊದಲು ಕೈ ಕೊಟ್ಟಳು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಹಾಕಿ, ಉತ್ತರ ಕೊಟ್ಟರೆ ಮಾತ್ರ ಮುಂದೆ ಹೋಗುತ್ತೇನೆ ಎಂದು ಮಿಟುಕಿಸುತ್ತ ಕೂತಳು. ತಪ್ಪು ಪೂರ್ತಿ ಅವಳದೇ ಎನ್ನಲಾರೆ, ಹೊಸತನದ ಆಸೆಯಲ್ಲಿ ನಾನು ಹಾಕಿದ ರೀತಿಯೂ ಹಾಗಿತ್ತು. ಎರಡನೆಯದು ಏಳುತ್ತಿತ್ತು, ಆದರೆ ಒಂದೊಂದು ಸಲ ತೂಕದ ತಂತ್ರಾಂಶವನ್ನು ಮರೆತು ಬರುತ್ತಿತ್ತು. ಸಪ್ಪೆಯದು ಮಾತ್ರ ಪ್ರತಿ ಸಲವೂ ನಿಧಾನವಾಗಿ ತನ್ನ ಸಾಮಾನನ್ನೆಲ್ಲ ಎಣಿಸಿ ನೋಡಿಕೊಂಡು, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಎದ್ದು ನಿಲ್ಲುತ್ತಿತ್ತು.

“ಇದೇ ಇರ್ಲಿ ಬುಡಿ ಮೇಡಂ,” ಎಂದಳು ದೇವಕ್ಕ. “ಬಿದ್ರೂ ಎದ್ದು ಕೆಲ್ಸಕ್ಕೆ ಬತ್ತದೆ.”

ಅದನ್ನೇ ಆರಿಸಿದೆ. ಆರಿಸಿದ ಮೇಲೆ ಇನ್ನೊಂದಿಷ್ಟು ಕೆಲಸ ಮಾಡಿದೆ. ತೂಕದ ಕೇಂದ್ರಗಳು ಸರ್ವರ್ ಇಲ್ಲದಾಗ ತೂಕವನ್ನು ತಮ್ಮಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುವಂತೆ ಮಾಡಿದೆ. ಪೆಟ್ಟಿಗೆಯ ಮುಂದಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಬರೆಯುವುದನ್ನೆಲ್ಲ ಬರೆದು ಮುಗಿಸಿ ತಾನಾಗಿ ಮಲಗುವಂತೆ ಮಾಡಿದೆ. ದೇವಕ್ಕನಿಗೆ ಪಾಠವಾಯಿತು. ಗುಡುಗಿದರೆ ಮೊದಲು ಗುಂಡಿ, ಹಸಿರು ದೀಪ ಆರಿದ ಮೇಲೆ ಪ್ಲಗ್. ಗೋಡೆಯ ಹಳೆಯ ಚೀಟಿ ಕಿತ್ತು ಇದನ್ನು ಬರೆದು ಅಂಟಿಸಿದೆವು.

ಕೆಲಸ ಚೆನ್ನಾಗಿ ಆದಷ್ಟೂ ನನ್ನ ತಳಮಳ ಹೆಚ್ಚಾಯಿತು. ಹಿಂದೆಲ್ಲ ಊರು ಬಿಡುವಾಗ ಹಗುರಾಗುತ್ತಿದ್ದೆ, ಈ ಸಲ ಹಾಗಾಗಲಿಲ್ಲ. ಎರಡು ದಿನಕ್ಕೊಮ್ಮೆ ಸುಮಾಳ ಫೋನ್. ಜೂನ್ ಮೊದಲ ವಾರ ಎಂದು ಹೇಳಿಬಿಟ್ಟಿದ್ದೇನೆ, ಮಾತು ತಪ್ಪಬೇಡ ಎನ್ನುತ್ತಿದ್ದಳು. ತಪ್ಪುವುದಿಲ್ಲ ಎನ್ನುತ್ತಿದ್ದೆ. ಫೋನ್ ಇಟ್ಟ ಮೇಲೆ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ. ಕೆಳಗಿನ ಅಂಗಡಿಯವರು ಮೇಲೆ ಏನು ಮೇಡಂ ಸದ್ದು ಎಂದು ಬೆಳಿಗ್ಗೆ ಕೇಳುತ್ತಿದ್ದರು.

ಸಭೆಯ ದಿನ ಹಾಸನದವರು ಪ್ರೊಜೆಕ್ಟರ್ ತಂದಿದ್ದರು. ಬಿಳಿ ಪಂಚೆಯೊಂದನ್ನು ಗೋಡೆಗೆ ಕಟ್ಟಿ ಚಿತ್ರ ತೋರಿಸಿದರು. ನಮ್ಮ ಸಿಸ್ಟಮ್ ಎಂದಿಗೂ ಆರುವುದೇ ಇಲ್ಲ ಎಂದು ಅವರು ಹೇಳುತ್ತಿದ್ದಾಗ ಬಿಸಿಲೆ ಕಡೆಯಿಂದ ಗುಡುಗಿತು. ನಿರ್ದೇಶಕರೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ದೇವಕ್ಕ ಬಂದಳು. ಪ್ರೊಜೆಕ್ಟರಿನ ಪ್ಲಗ್ ಹೋಯಿತು, ಇಂಟರ್‌ನೆಟ್ ಹೋಯಿತು, ಹಾಸನದ ಸಿಸ್ಟಮ್ ಹಾಸನದಲ್ಲೇ ಉಳಿಯಿತು. ಪಾಪ, ಅವರು ಕೈಯಲ್ಲಿ ರಿಮೋಟ್ ಹಿಡಿದುಕೊಂಡು ಬಿಳಿ ಪಂಚೆಯ ಮುಂದೆ ನಿಂತಿದ್ದರು. ಒಳ್ಳೆಯ ಮನುಷ್ಯ, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಳೆ ಹೊಯ್ದು ನಿಂತ ಮೇಲೆ ನಾನು ನಮ್ಮ ಪೆಟ್ಟಿಗೆಗೂ ಇಂಟರ್‌ನೆಟ್ಟಿಗೂ ಪ್ಲಗ್ ಹಾಕಿ ಕೈ ಕಟ್ಟಿ ನಿಂತೆ. ಅದು ತನ್ನ ಪಾಡಿಗೆ ಎಲ್ಲ ನೋಡಿಕೊಂಡು ಎದ್ದಿತು. ಬಿಸಿಲೆ ರಸ್ತೆಯ ಕೇಂದ್ರದಲ್ಲಿ ಮಳೆಯ ಹೊತ್ತಿನಲ್ಲೂ ಬ್ಯಾಟರಿಯ ತಕ್ಕಡಿಯಲ್ಲಿ ತೂಗಿದ್ದ ಮೆಣಸು ಒಂದೊಂದಾಗಿ ಪರದೆಗೆ ಬಂತು. ಯಾರೋ ಭಲೆ ಎಂದರು.

ಗೆದ್ದೆ ಎಂದುಕೊಂಡೆ. ಮಲ್ಲೇಶಣ್ಣ ಮಾತ್ರ ತಲೆ ಆಡಿಸಲಿಲ್ಲ. ಇದಕ್ಕೆ ಎಷ್ಟು ವರ್ಷ ದುರಸ್ತಿ ಬರುತ್ತದೆ ಎಂದು ಕೇಳಿದರು. ಐದು ವರ್ಷ ಎಂದೆ.

“ಅದು ಐದು ವರ್ಷ ಇರ್ತದೆ. ಸರಿ. ನೀನು?”

ಅವರು ಸಿಟ್ಟಿನಿಂದ ಕೇಳಿದ್ದಲ್ಲ. ಪುಕ್ಕಟೆ ಬಂದದ್ದಕ್ಕೆ ಕಂಪನಿಯಿಲ್ಲ, ಇರುವುದು ನೀನೊಬ್ಬಳು. ನೀನು ಇರುವುದಾದರೆ ಇದೇ ಆಗಲಿ, ಇಲ್ಲವಾದರೆ ಹಾಸನದವರಿಗೆ ಕೊಡುವುದೇ ಸರಿ ಎಂದು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು. ನ್ಯಾಯವಾದ ಮಾತು. ಬಾಗಿಲ ಬಳಿ ಟೀ ತಟ್ಟೆ ಹಿಡಿದಿದ್ದ ದೇವಕ್ಕ ನನ್ನನ್ನು ನೋಡಲಿಲ್ಲ, ಲೋಟಗಳನ್ನೇ ನೋಡುತ್ತಿದ್ದಳು. ಯೋಚಿಸಿ ಹೇಳುತ್ತೇನೆ ಎಂದೆ. ಸೋಮವಾರ ಹೇಳು ಎಂದು ಅವರು ಎದ್ದರು.

ಭಾನುವಾರ ನಾನು ಹೊರಟೆ. ಮೈಸೂರು ತಲುಪಿ, ಅಲ್ಲಿಂದ ಫೋನ್ ಮಾಡಿ ಹೇಳುವುದು ಎಂದು ಲೆಕ್ಕ. ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ. ಟ್ರಂಕನ್ನು ಆಮೇಲೆ ತರಿಸಿಕೊಳ್ಳೋಣವೆಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಮಧ್ಯಾಹ್ನ ಸಕಲೇಶಪುರದ ಬಸ್ಸು ಹತ್ತಿ ಕೂತೆ. ದೇವಕ್ಕ ಆಲೂರಿನ ಮಗಳ ಮನೆಗೆ ಹೋಗಿದ್ದಾಳೆ, ಯಾರೂ ಎದುರು ಸಿಗುವುದಿಲ್ಲ ಎಂಬುದನ್ನೂ ನೋಡಿಕೊಂಡೇ ಹೊರಟಿದ್ದೆ. ಬಸ್ಸು ಗದ್ದೆ ಬಯಲು ದಾಟಿ ಏರು ಹತ್ತುತ್ತಿತ್ತು. ಬೆನ್ನ ಹಿಂದೆ ಗುಡುಗಿತು. ಬಿಸಿಲೆ ಕಡೆಯದು.

ಬಸ್ಸಿನಲ್ಲಿ ಯಾರೂ ಮಿಸುಕಲಿಲ್ಲ. ನಾನು ಮಾತ್ರ ಸೀಟಿನಲ್ಲಿ ತಿರುಗಿ ಹಿಂದಿನ ಗಾಜಿನಾಚೆ ನೋಡಿದೆ. ಆಫೀಸಿಗೆ ಬೀಗ. ದೇವಕ್ಕ ಆಲೂರಿನಲ್ಲಿ. ಒಳಗೆ ಪೆಟ್ಟಿಗೆ ಓಡುತ್ತಿದೆ, ಪ್ಲಗ್ ಗೋಡೆಯಲ್ಲೇ ಇದೆ. ಯುಪಿಎಸ್ ಇದೆ, ಅರ್ಥಿಂಗ್ ಇದೆ ಎಂದು ನಾನು ದೇವಕ್ಕನಿಗೆ ಹೇಳಿದ ಮಾತುಗಳನ್ನೇ ನನಗೂ ಹೇಳಿಕೊಂಡೆ. ಅವಳು ನಂಬಿರಲಿಲ್ಲ, ಈಗ ನಾನೂ ನಂಬಲಿಲ್ಲ. ಇನ್ನೊಂದು ಗುಡುಗು ಹತ್ತಿರವಾಯಿತು. ಹೋಲ್ಡನ್ ಎಂದು ಕೂಗಿ ಎದ್ದುಬಿಟ್ಟೆ. ಕಂಡಕ್ಟರ್ ಗೊಣಗಿಕೊಂಡು ಸೀಟಿ ಊದಿದ. ಇಳಿದು, ಬ್ಯಾಗು ತೊಡೆಗೆ ಬಡಿಯುತ್ತಿರುವಂತೆ, ಇಳಿಜಾರಿನಲ್ಲಿ ಓಡಿದೆ. ದಪ್ಪ ಹನಿ ಶುರುವಾಯಿತು. ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದೆ. ನಲವತ್ತರ ಹತ್ತಿರದ ಹೆಂಗಸು ಬರಿಗಾಲಲ್ಲಿ ರಸ್ತೆಯಲ್ಲಿ ಓಡುವುದನ್ನು ನೋಡಿ ಅಂಗಡಿ ಕಟ್ಟೆಯವರು ಎದ್ದು ನಿಂತರು. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ಹಿಂದಿರುಗಿಸದೆ ಹೊರಟಿದ್ದೆ ಎಂಬುದು ಬಾಗಿಲು ತೆಗೆಯುವಾಗಷ್ಟೇ ಹೊಳೆಯಿತು. ಒಳಗೆ ನುಗ್ಗಿ ಪ್ಲಗ್ ಕಿತ್ತೆ.

ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ, ಬಾಗಿಲಲ್ಲಿ ದೇವಕ್ಕ ಕಾಣಿಸಿದಳು. ಮೈಯೆಲ್ಲ ಒದ್ದೆ. ಮೋಡ ನೋಡಿ ಮಗಳ ಮನೆಯಿಂದ ಊಟ ಬಿಟ್ಟು ಎದ್ದು ಬಸ್ಸು ಹತ್ತಿದ್ದಳಂತೆ. ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದಳು, ಕಾಲ ಬಳಿಯ ಬ್ಯಾಗು ನೋಡಿದಳು, ಆಮೇಲೆ ಪೆಟ್ಟಿಗೆಯ ಮುಂದೆ ಬಗ್ಗಿದಳು.

“ಮೊದ್ಲು ಗುಂಡಿ ಒತ್ತಿದ್ರಾ?”

ಒತ್ತಿರಲಿಲ್ಲ. ಕಲಿಸಿದವಳು ನಾನೇ, ಗೋಡೆಯ ಮೇಲೆ ಬರೆದವಳು ನಾನೇ. ಗುಡುಗು ಕೇಳಿ ಅವಳಂತೆಯೇ ಓಡಿಬಂದು ಅವಳಂತೆಯೇ ಕಿತ್ತಿದ್ದೆ. ದೇವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರು ಮಾಡಿದಳು. ನನಗೂ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ತಲೆಯ ಮೇಲೆ ಹಂಚು ಹಾರಿಹೋಗುವಂತೆ ಸಿಡಿಲು ಬಡಿಯುತ್ತಿತ್ತು. ನಾವಿಬ್ಬರೂ ಮೆಣಸಿನ ಮೂಟೆಗೆ ಒರಗಿ ಕೂತು ಅದು ಮುಗಿಯಲಿ ಎಂದು ಕಾದೆವು.

“ಎಲ್ಲಿಗೋ ಹೊಂಟಿದ್ರಿ,” ಎಂದಳು.

“ಹೂಂ.”

“ಮತ್ತೆ?”

“ಗುಡುಗ್ತು.”

ಅವಳು ಮಳೆ ನಿಂತ ಮೇಲೆ ಪ್ಲಗ್ ಚುಚ್ಚಿದಳು. ಪೆಟ್ಟಿಗೆ ಎದ್ದಿತು. ಮರುದಿನ ಮಲ್ಲೇಶಣ್ಣನ ಮೇಜಿನ ಮುಂದೆ ನಿಂತು, ಕೆಟ್ಟರೆ ನನ್ನ ಕೊರಳಪಟ್ಟಿ ಹಿಡಿಯಿರಿ, ಇಲ್ಲೇ ಇರುತ್ತೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ನಿನ್ನೆ ಎಷ್ಟು ಸೆಂಟು ಬಂತು ಗೊತ್ತಾ ಎಂದು ಮಳೆಯ ಮಾತಿಗೆ ಹೊರಳಿಬಿಟ್ಟರು. ಸುಮಾ ಮಾತ್ರ ಫೋನಿನಲ್ಲಿ ಬಹಳ ಬೈದಳು. ಅವಳ ಮುಖ ಉಳಿಸಲಿಲ್ಲ ಎಂಬ ನೋವು ನನಗೆ ಈಗಲೂ ಇದೆ. ಜೂನಿನಲ್ಲಿ ನೆಲ ಬೆವರಲು ಶುರುವಾದಾಗ ಪೆಟ್ಟಿಗೆಯನ್ನು ನೆಲದಿಂದ ಎತ್ತರಕ್ಕೆ ಇಡಬೇಕಾಯಿತು. ರೂಮಿಗೆ ಹೋಗಿ ಟ್ರಂಕಿನಲ್ಲಿದ್ದದ್ದನ್ನೆಲ್ಲ ಹೊರಗೆ ಸುರಿದು, ಖಾಲಿ ಟ್ರಂಕನ್ನು ಹೊತ್ತು ತಂದೆ. ಮೇಲೊಂದು ಹಲಗೆ ಹಾಸಿ ಸರ್ವರ್ ಇಟ್ಟೆವು. ಇವತ್ತಿಗೂ ಅದು ಅಲ್ಲೇ ಕೂತಿದೆ.

ಇದನ್ನೆಲ್ಲ ಮೈಸೂರಿನ ಆ ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಆ ಹುಡುಗಿ ತನ್ನ ಕಂಪ್ಯೂಟರಿಗೆ ಮತ್ತೆ ಪ್ಲಗ್ ಹಾಕಿಕೊಂಡಳು, ನನ್ನ ಪುಣ್ಯಕ್ಕೆ ಅದು ಎದ್ದಿತು. ನಮ್ಮ ಸರ್ವರ್ ವರ್ಷಾನುಗಟ್ಟಲೆ ಒಮ್ಮೆಯೂ ಆರಿಲ್ಲ ಎಂದು ಸುಮಾ ಹೆಮ್ಮೆಯಿಂದ ಪರದೆ ತೋರಿಸಿದಳು. ನಿಮ್ಮದು ಎಷ್ಟು ದಿನದಿಂದ ಓಡುತ್ತಿದೆ ಎಂದು ಕೇಳಿದಳು. ನಿನ್ನೆ ಸಂಜೆಯಿಂದ ಎಂದೆ. ಅವಳು ಮತ್ತೆ ನಗುವಷ್ಟರಲ್ಲಿ ನನ್ನ ಫೋನ್ ರಿಂಗಾಯಿತು.

“ಮೇಡಂ, ಇಲ್ಲಿ ಬಿಸಿಲೆ ಕಡೆ ಗುಡುಗ್ತಾ ಐತೆ. ಗುಂಡಿ ಒತ್ತಿ ಪ್ಲಗ್ ಕಿತ್ತಿವ್ನಿ,” ಎಂದಳು ದೇವಕ್ಕ. “ನೀವು ಯಾವ ಬಸ್ಸಿಗೆ ಬತ್ತೀರಿ?”

ಸಂಜೆಯ ಬಸ್ಸಿಗೆ ಎಂದೆ.